ಮೇ 16ರ ಫೋನು

2024 ಮೇ 16, ಗುರುವಾರ
ಮಂಗಳೂರು

ಊರಿಗೆ ಮರಳಿದ ಮೇಲೂ ಪ್ರತಿ ವರ್ಷ ಈ ದಿನ ಕುವೈತಿನ ಗೆಳತಿಗೆ ತಪ್ಪದೆ ಫೋನು ಮಾಡುತ್ತೇನೆ. 2005ರ ಮೇ 16ರಂದು ಅಲ್ಲಿಯ ಸಂಸತ್ತು ಹೆಂಗಸರಿಗೆ ಮತದಾನದ ಹಕ್ಕು ಕೊಟ್ಟಿತು. ಮರುದಿನ ಅವಳು ಕಚೇರಿಗೆ ಡಬ್ಬಿ ತುಂಬ ಖರ್ಜೂರ ತಂದು, ಎಲ್ಲರೆದುರೇ ನನ್ನನ್ನು ತಬ್ಬಿಕೊಂಡು ಅತ್ತಿದ್ದಳು. ಈ ಸಲ ಫೋನು ಕೈಗೆತ್ತಿಕೊಳ್ಳಲು ನನಗೆ ಸಂಜೆಯವರೆಗೂ ಧೈರ್ಯ ಬರಲಿಲ್ಲ. ಕಳೆದ ಶುಕ್ರವಾರ ಅಲ್ಲಿಯ ಅರಸರಾದ ಅಮೀರರು ಆ ಸಂಸತ್ತನ್ನೇ ವಿಸರ್ಜಿಸಿ, ಸಂವಿಧಾನದ ಕೆಲವು ವಿಧಿಗಳನ್ನು ನಾಲ್ಕು ವರ್ಷಗಳವರೆಗೆ ಅಮಾನತಿನಲ್ಲಿಟ್ಟಿದ್ದಾರೆ. ಏಪ್ರಿಲ್ 4ರಂದು ಆರಿಸಿ ಬಂದ ಸದಸ್ಯರು ಒಂದು ದಿನವೂ ಸಭೆ ಸೇರಲಿಲ್ಲ.

"ಉಖ್ತಿ (ನನ್ನ ಸಹೋದರಿ), ಮೊಮ್ಮಗ ಹೇಗಿದ್ದಾನೆ? ಅಲ್ಲಿ ಮಳೆ ಶುರುವಾಯಿತೇ?" ಎಂದು ಕೇಳಿದಳು. ನಾನು ಮಜ್ಲಿಸಿನ, ಅಂದರೆ ಆ ಸಂಸತ್ತಿನ, ಮಾತೆತ್ತಿದೆ. "ಫೋನಿನಲ್ಲಿ ಬೇಡ" ಎಂದಳು. ಕಚೇರಿಯಲ್ಲಿ ಮಂತ್ರಿಗಳ ಹೆಸರು ಹಿಡಿದು ಗಟ್ಟಿಯಾಗಿ ಬೈಯುತ್ತಿದ್ದ ಹೆಂಗಸು ಅವಳು.

ಆ ಸಂಸತ್ತನ್ನು ಅವಳು ಎಂದೂ ಹೊಗಳಿದವಳಲ್ಲ. 1999ರಲ್ಲಿ ಅಂದಿನ ಅಮೀರರೇ ಹೆಂಗಸರಿಗೆ ಮತದ ಹಕ್ಕು ಕೊಟ್ಟು ಹೊರಡಿಸಿದ್ದ ಆಜ್ಞೆಯನ್ನು ತಿರಸ್ಕರಿಸಿದ್ದು ಜನರು ಆರಿಸಿದ ಸದನವೇ. 2005ರಲ್ಲಿ ಪರವಾಗಿ ಬಿದ್ದ 35 ಮತಗಳಲ್ಲಿ ಅಮೀರರು ನೇಮಿಸಿದ ಮಂತ್ರಿಗಳ ಮತಗಳೂ ಇದ್ದವು. 2022ರ ಸೆಪ್ಟೆಂಬರಿನಿಂದ ಈಚೆಗೆ ಮೂರು ಚುನಾವಣೆಗಳು ನಡೆದಿವೆ. ಸದಸ್ಯರಿಗೂ ಸರ್ಕಾರಕ್ಕೂ ನಡುವಿನ ಜಗಳ ಮುಗಿದಿಲ್ಲ. ಇನ್ನಾದರೂ ಕೆಲಸಗಳು ಸಾಗಿಯಾವು ಎಂದು ಸಮಾಧಾನಪಡುವವರು ಅಲ್ಲಿಯೂ ಇದ್ದಾರೆ, ಕುವೈತಿನಲ್ಲಿ ದುಡಿದು ಬಂದ ನಮ್ಮ ನೆರೆಮನೆಯವರೂ ನಿನ್ನೆ ಅದನ್ನೇ ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅರಸು ಮನೆತನದ ಮಂತ್ರಿಯನ್ನೂ ಸದನದಲ್ಲಿ ನಿಲ್ಲಿಸಿ ಲೆಕ್ಕ ಕೇಳಬಹುದಾದ ಸಂಸತ್ತು ಕೊಲ್ಲಿಯ ಬೇರೆ ಯಾವ ದೇಶದಲ್ಲಿತ್ತು? ಜಗಳವಾಡುವ ಸದನವನ್ನು ಜನರೇ ಮುಂದಿನ ಚುನಾವಣೆಯಲ್ಲಿ ತಿದ್ದಬಹುದು. ಮುಚ್ಚಿದ ಸದನವನ್ನು ತಿದ್ದುವವರು ಯಾರು? 1986ರಲ್ಲಿ ಮುಚ್ಚಿದ್ದು ಮತ್ತೆ ತೆರೆಯುವ ಹೊತ್ತಿಗೆ ಇರಾಕಿನ ದಾಳಿಯೂ ನಡೆದುಹೋಗಿತ್ತು, 1992 ಬಂದಿತ್ತು.

ಫೋನು ಇಡುವ ಮುನ್ನ ಅವಳು ಧ್ವನಿ ತಗ್ಗಿಸಿ ಒಂದೇ ಮಾತು ಹೇಳಿದಳು: "ಮಗಳಿಗೆ ಇಪ್ಪತ್ತೊಂದು ತುಂಬಿತಲ್ಲ, ಈ ಏಪ್ರಿಲಿನಲ್ಲಿ ಮೊದಲ ಸಲ ಮತ ಹಾಕಿದಳು." ನಾಲ್ಕು ವರ್ಷವೆಂದರೆ ಆ ಹುಡುಗಿಗೆ ಇಪ್ಪತ್ತೈದು. ನಾಲ್ಕೇ ಆದರೆ. ಅವಳೊಡನೆಯೂ ಒಂದು ಮಾತು ಆಡಬೇಕಿತ್ತು, ಆದರೆ ಏನೆಂದು ಆಡಲಿ?