ಹಗುರ ಮಾಡುವ ಕ್ರಿಯಾಪದ

ವಿದೇಶದಲ್ಲಿ ಸ್ನಾತಕೋತ್ತರ ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆಯ ಒಂದು ಬಗೆಯ ಪ್ರಶ್ನೆಯಲ್ಲಿ ಬಿಟ್ಟ ಸ್ಥಳಕ್ಕೆ 6 ಪದಗಳನ್ನು ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ಬರುವಂತಹ 2 ಪದಗಳನ್ನು ಆರಿಸಲು ಹೇಳುತ್ತಾರೆ. ಎರಡೂ ಸರಿಯಾದರೆ ಮಾತ್ರ ಅಂಕ. ಅದಕ್ಕಾಗಿ ನಾನು ಒಂದು ತಿಂಗಳಿನಿಂದ ಇಂಗ್ಲಿಷಿನ ಕಠಿಣ ಕ್ರಿಯಾಪದಗಳ ಸಮಾನಾರ್ಥಕಗಳನ್ನು ಉರು ಹೊಡೆಯುತ್ತಿದ್ದೇನೆ. ನಿನ್ನೆ ಅಭ್ಯಾಸದ ಬರಹದಲ್ಲಿ ಮಾತ್ರೆಯು ತಲೆನೋವನ್ನು ‘ಮಿಟಿಗೇಟ್’ ಮಾಡಿತು ಎಂದು ಬರೆದು, ಕಲಿಸುವವರಿಂದ ಕೆಂಪು ಗೆರೆ ಎಳೆಸಿಕೊಂಡೆ. ಅಲ್ಲಿ ‘ಅಲೀವಿಯೇಟ್’ ಹೆಚ್ಚು ಒಪ್ಪುತ್ತದಂತೆ. ನನ್ನ ಪಟ್ಟಿಯಲ್ಲಿ ಎರಡಕ್ಕೂ ‘ಕಡಿಮೆ ಮಾಡು’ ಎಂದೇ ಇತ್ತು. ನಿಘಂಟು ತೆರೆದಾಗ, ಮೊದಲನೆಯದರ ಲ್ಯಾಟಿನ್ ಬೇರು ಮೃದು ಎಂಬರ್ಥದ ‘ಮಿಟಿಸ್’, ಎರಡನೆಯದರದು ಹಗುರ ಎಂಬರ್ಥದ ‘ಲೆವಿಸ್’ ಎಂದು ತಿಳಿಯಿತು. ನೋವು ಹಗುರವಾಯಿತು ಎಂದು ದಿನವೂ ಹೇಳುವ ನಾನು ಆ ಪದವನ್ನು ಇಷ್ಟು ಕಷ್ಟಪಟ್ಟು ಕಲಿಯಬೇಕಿರಲಿಲ್ಲ. ನಾವು ಹಾಲನ್ನು ಕಾಯಿಸುತ್ತೇವೆ, ಬೇಳೆಯನ್ನು ಬೇಯಿಸುತ್ತೇವೆ. ಹಾಲು ಬೇಯಿಸಿದೆ ಎಂದು ಯಾರಾದರೂ ಹೇಳಿದರೆ ಅರ್ಥವಾದರೂ ನಗು ಬರುತ್ತದೆ. ನನ್ನ ಮಿಟಿಗೇಟ್ ಕಲಿಸುವವರಿಗೆ ಹಾಗೆಯೇ ಕೇಳಿಸಿರಬೇಕು. ಈಗ ಪ್ರತಿ ಕ್ರಿಯಾಪದದ ಪಕ್ಕದಲ್ಲಿ ಅದಕ್ಕೆ ಹೊಂದುವ ಕರ್ಮಪದವನ್ನೂ ಬರೆದುಕೊಳ್ಳುತ್ತಿದ್ದೇನೆ: ಮಿಟಿಗೇಟ್‌ಗೆ ಅಪಾಯ, ಅಲೀವಿಯೇಟ್‌ಗೆ ನೋವು. ಉಲ್ಬಣಗೊಳಿಸು ಎಂಬರ್ಥದ ‘ಎಕ್ಸಾಸರ್ಬೇಟ್’ ಪಕ್ಕದಲ್ಲಿ ಸದ್ಯಕ್ಕೆ ನನ್ನ ತಲೆನೋವೇ ಇದೆ.