ಹಸಿರು ನಂಬರ್ ಪ್ಲೇಟು

ನನ್ನ ಹೊಸ ಎಲೆಕ್ಟ್ರಿಕ್ ಕಾರಲ್ಲಿ ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕ್ ಮುಟ್ಟುವ ಕೆಲಸವೇ ಕಮ್ಮಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಮೋಟಾರೇ ಗಾಡಿ ಹಿಡಿದು ಬ್ಯಾಟರಿಗೆ ಒಂದಿಷ್ಟು ಕರೆಂಟ್ ವಾಪಸ್ ಕೊಡುತ್ತದೆ. ಹತ್ತುವಾಗಿನ ಎಳೆತವಂತೂ ಕೇಳಲೇಬೇಡಿ, ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ.

ಆದರೆ ಎಲೆಕ್ಟ್ರಿಕ್ ಗಾಡಿಗೆ ಕೊಡುವ ಹಸಿರು ನಂಬರ್ ಪ್ಲೇಟು ಬರುವ ಹೊತ್ತಿಗೆ ಸಾಕಾಗಿ ಹೋಯಿತು. ಎಲೆಕ್ಟ್ರಿಕ್ ಅಂದ್ರೆ ಟ್ಯಾಕ್ಸ್ ಇಲ್ಲ ಅಂತ ಊರೆಲ್ಲ ಹೇಳಿದ್ದೇ ಹೇಳಿದ್ದು. 25 ಲಕ್ಷ ದಾಟಿದ ಕಾರಿಗೆ 2024ರಲ್ಲೇ ಶೇ. 10 ತೆರಿಗೆ ಬಂದಿತ್ತು. ಕಟ್ಟಿದೆ, ಅದು ನ್ಯಾಯವೇ. ಆಮೇಲೆ ಆರ್‌ಟಿಒ ಆಫೀಸಿನಿಂದ ನೋಂದಣಿ ಅರ್ಜಿ ವಾಪಸ್. ಎಂಜಿನ್ ಎಷ್ಟು ಸಿಸಿ ಅಂತ ಬರೆದಿಲ್ಲವಂತೆ! "ಎಂಜಿನ್ನೇ ಇಲ್ಲ ಸಾರ್" ಅಂದೆ. "ಖಾಲಿ ಬಿಟ್ಟರೆ ಕಂಪ್ಯೂಟರ್ ತಗೊಳ್ಳಲ್ಲ ಸಾರ್" ಅಂದರು. ಪಾಪ, ಅವರೇನು ಮಾಡುತ್ತಾರೆ.

ಈಗ ಗೆಳೆಯರದ್ದು ಒಂದೇ ಪ್ರಶ್ನೆ, ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಎಷ್ಟು ಸ್ಪೀಡ್ ಹೋದೆ ಅಂತ. ಅಲ್ಲಿ ಮಿತಿ 100, ಮೇಲೆ ಕ್ಯಾಮೆರಾ ಬೇರೆ. ನಿಮ್ಮ ಸ್ವಿಫ್ಟೂ ಅಷ್ಟೇ ಹೋಗಬೇಕು, ಅಲ್ವಾ?