ರೆಕ್ಕೆಗೆ ಹೊದಿಸುವ ಬಟ್ಟೆ ಮತ್ತು ಅದರ ಸರಂಜಾಮು

ಹಗುರ ವಿಮಾನವೊಂದಕ್ಕೆ ಹೊಸದಾಗಿ ಬಟ್ಟೆ ಹೊದಿಸಲು ಹೊರಟವರು ನನ್ನನ್ನು ಮೊದಲು ಕೇಳುವುದು ಬಟ್ಟೆಯ ವಿಷಯವನ್ನೇ: ಎಷ್ಟು ಗಜ ಬೇಕು, ಎಷ್ಟು ದಪ್ಪದ್ದಿರಬೇಕು, ಎಲ್ಲಿ ಸಿಗುತ್ತದೆ. ಹೊಲಿಯುವ ದಾರ ಯಾವುದು, ಇಸ್ತ್ರಿಯ ಶಾಖವನ್ನು ಯಾವುದರಿಂದ ಅಳೆಯಬೇಕು, ಬೆಳ್ಳಿ ಬಣ್ಣದ ಲೇಪ ಎಷ್ಟು ಡಬ್ಬಿ ಬೇಕಾದೀತು ಎಂದು ಮೊದಲೇ ಕೇಳಿದವರು ತೀರ ಕಡಿಮೆ. ಹ್ಯಾಂಗರಿನಲ್ಲಿ ಕಳೆದ ವರ್ಷಗಳಲ್ಲಿ ಹಾಳಾದ ಹೊದಿಕೆಗಳನ್ನು ಸಾಕಷ್ಟು ಕಿತ್ತು ತೆಗೆದಿದ್ದೇನೆ. ನೇಯ್ಗೆ ಕಳಪೆಯಾಗಿದ್ದರಿಂದಲೇ ಹೊದಿಕೆ ಕೆಟ್ಟದ್ದು ಅವುಗಳಲ್ಲಿ ಒಂದೂ ನೆನಪಿಗೆ ಬರುವುದಿಲ್ಲ. ಅಂಟು, ದಾರ, ಲೇಪ, ಇಲ್ಲವೇ ಇವುಗಳನ್ನು ಬಳಸಿದ ಕೈ, ಇವುಗಳಲ್ಲಿ ಯಾವುದೋ ಒಂದು ಸೋತಿತ್ತು. ಆದ್ದರಿಂದ ಬಟ್ಟೆಯಿಂದ ಆರಂಭಿಸಿದರೂ ಬೇಗನೆ ಅದರಾಚೆಗೆ ಹೋಗುತ್ತೇನೆ.

ಈ ಕೆಲಸವನ್ನು ನಾನು ಕಲಿತದ್ದು ಪುಷ್ಪಕ ವಿಮಾನದ ಮೇಲೆ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರೂಪುಗೊಂಡು 1958ರ ಸೆಪ್ಟೆಂಬರಿನಲ್ಲಿ ಮೊದಲ ಸಲ ಹಾರಿದ, 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ ಹೊತ್ತ ಈ ಎರಡು ಆಸನದ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರಿನ ಪೈಲಟ್‌ಗಳಿಗೆ ಅಕ್ಷರಾಭ್ಯಾಸ ಮಾಡಿಸಿತು. ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಅದರ ಒಡಲಿಗೆ ಹೊದಿಕೆಯಾಗಿದ್ದದ್ದು ಬಟ್ಟೆ. ನಮ್ಮ ಕೈಗೆ ಬಂದ ಪುಷ್ಪಕದ ಮೈಮೇಲೆ ಹತ್ತಿಯ ಬಟ್ಟೆ ಇತ್ತು. ಹಿರಿಯ ಮೆಕ್ಯಾನಿಕ್ ಒಬ್ಬರು ಅದರ ಮೇಲೆ ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಮುಖ ಸಿಂಡರಿಸಿ, ಏನೂ ಹೇಳದೆ ಚಾಕು ತರಲು ನನ್ನನ್ನು ಕಳುಹಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ವಿಮಾನಕ್ಕೆ ಬಳಸುವ ಹತ್ತಿ ಬಟ್ಟೆ ಅಂಗಡಿಯ ಥಾನಿನಿಂದ ಹರಿದುಕೊಡುವ ಬಟ್ಟೆಯಲ್ಲ. ಗ್ರೇಡ್ ಎ ಎಂದು ಕರೆಯಲಾಗುವ ಬಟ್ಟೆಯಲ್ಲಿ ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಅಂಗುಲಕ್ಕೆ 80ರಿಂದ 84 ಎಳೆಗಳಿರುತ್ತವೆ. ಒಂದಂಗುಲ ಅಗಲದ ಪಟ್ಟಿಯನ್ನು ಎಳೆದರೆ ಅದು ಕನಿಷ್ಠ 80 ಪೌಂಡು, ಅಂದರೆ ಸುಮಾರು 36 ಕಿಲೋ ಭಾರವನ್ನು ತಡೆಯಬೇಕು. ಬಳಕೆಯಲ್ಲಿ ಈ ಬಲ ಶೇಕಡಾ 70ಕ್ಕಿಂತ ಕೆಳಗಿಳಿದರೆ, ಅಂದರೆ 56 ಪೌಂಡು ದಾಟಿ ಕೆಳಗೆ ಬಂದರೆ, ಹೊದಿಕೆ ಹಾರಾಟಕ್ಕೆ ಯೋಗ್ಯವಲ್ಲ. ಹಾಸು ಹೊಕ್ಕುಗಳೆರಡೂ ಸಮಬಲವಾಗಿರಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ಕುಗ್ಗುವ ಬಟ್ಟೆ ರೆಕ್ಕೆಯನ್ನೇ ತಿರುಚಿಬಿಡುತ್ತದೆ. ಎರಡನೆಯ ಮಹಾಯುದ್ಧದ ಮರದ ವಿಮಾನವಾದ ಡಿ ಹ್ಯಾವಿಲೆಂಡ್ ಮಾಸ್ಕಿಟೊವಿನ ಪ್ಲೈವುಡ್ ಮೈಗೆ ಅಂಟಿಸಿದ್ದು ಮದಪೊಲ್ಲಂ ಎಂಬ ಹತ್ತಿ ಬಟ್ಟೆ. ಹಾಸಿನಲ್ಲಿಯೂ ಹೊಕ್ಕಿನಲ್ಲಿಯೂ ಒಂದೇ ಬಗೆಯಾಗಿ ಕುಗ್ಗಿ, ಲೇಪವನ್ನು ಒಂದೇ ಸಮನಾಗಿ ಹೀರುವುದು ಅದರ ಗುಣವಾಗಿತ್ತು. ಆ ಹೆಸರು ಬಂದದ್ದು ಆಂಧ್ರದ ನರಸಾಪುರದ ಬಳಿ ಈಸ್ಟ್ ಇಂಡಿಯಾ ಕಂಪನಿಯ ಬಟ್ಟೆಯ ಕೋಠಿ ಇದ್ದ ಹಳ್ಳಿಯಿಂದ. ಗೋದಾವರಿ ತೀರದ ನೇಕಾರರ ಊರಿನ ಹೆಸರು ಯುದ್ಧವಿಮಾನದ ಬಿಡಿಭಾಗಗಳ ಪಟ್ಟಿಗೆ ಸೇರಿದ್ದನ್ನು ನಾನು ಎಷ್ಟು ಸಲ ಹೇಳಿದರೂ ಬೇಸರಪಡುವುದಿಲ್ಲ.

ಆದರೆ ಬರಿ ಬಟ್ಟೆಯಿಂದ ರೆಕ್ಕೆಯಾಗುವುದಿಲ್ಲ. ರೈಟ್ ಸಹೋದರರು 1903ರಲ್ಲಿ ತಮ್ಮ ಯಂತ್ರಕ್ಕೆ ಯಾವ ಲೇಪವೂ ಇಲ್ಲದ ಮಸ್ಲಿನ್ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಹೊದಿಸಿದರು. ಆಮೇಲೆ ಬಂದವರು ಐರ್ಲೆಂಡಿನ ಲಿನನ್‌ಗೆ ಸೆಲ್ಯುಲೋಸ್ ದ್ರಾವಣವನ್ನು ಬಳಿಯತೊಡಗಿದರು. ಅದಕ್ಕೆ ಡೋಪ್ ಎಂದು ಹೆಸರು. ಸೀರೆಗೆ ಗಂಜಿ ಹಾಕಿದಂತೆ ಡೋಪ್ ಎಳೆಗಳ ನಡುವಿನ ಸಂದುಗಳನ್ನು ಮುಚ್ಚುತ್ತದೆ. ಗಂಜಿ ಮಾಡದ ಇನ್ನೊಂದು ಕೆಲಸವನ್ನೂ ಅದು ಮಾಡುತ್ತದೆ, ಒಣಗುತ್ತ ಬಟ್ಟೆಯನ್ನು ಕುಗ್ಗಿಸಿ ಬಿಗಿಗೊಳಿಸುತ್ತದೆ. ನೈಟ್ರೇಟ್ ಡೋಪ್ ಚೆನ್ನಾಗಿ ಅಂಟುತ್ತದೆ, ಆದರೆ ಅದು ಗನ್‌ಕಾಟನ್ ಸ್ಫೋಟಕದ ದಾಯಾದಿಯಾದ್ದರಿಂದ ಕಿಡಿ ಸೋಕಿದರೆ ಸಾಕು. ಬ್ಯುಟಿರೇಟ್ ಡೋಪ್ ಅಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಆದರೆ ಹಿಡಿತ ಕಡಿಮೆ. ಹಾಗಾಗಿ ಕೆಳಗೆ ನೈಟ್ರೇಟ್, ಮೇಲೆ ಬ್ಯುಟಿರೇಟ್ ಎಂಬ ಕ್ರಮ ಬಂತು. ಇದನ್ನು ತಿರುಗುಮುರುಗು ಮಾಡಿದರೆ ಲೇಪ ಹಿಡಿಯದೆ ಸುಲಿದು ಬರುತ್ತದೆ. ಮೊದಲ ಮಹಾಯುದ್ಧದ ಕಾಲದ ಕೆಲವು ಡೋಪ್‌ಗಳಲ್ಲಿದ್ದ ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕದ ಹಬೆಯಿಂದ ಬ್ರಿಟನ್ನಿನ ಕಾರ್ಖಾನೆಗಳ ಕೆಲಸಗಾರರಿಗೆ ಕಾಮಾಲೆಯಾಗಿ ಕೆಲವರು ಸತ್ತದ್ದೂ ಈ ಚರಿತ್ರೆಯ ಭಾಗವೇ. ಇಂದಿನ ದ್ರಾವಕಗಳೂ ಸಾಧುವಲ್ಲ. ಮುಖವಾಡ ಮತ್ತು ಕೈಗವಸಿನ ಖರ್ಚನ್ನು ಬಟ್ಟೆಯ ಖರ್ಚಿನೊಂದಿಗೇ ಲೆಕ್ಕ ಹಾಕಬೇಕು. ಕೊನೆಯ ಬಣ್ಣವಾಗಿ ಪಾಲಿಯುರಿಥೇನ್ ಸಿಂಪಡಿಸುವುದಾದರೆ ಅದರಲ್ಲಿರುವ ಐಸೊಸಯನೇಟ್ ಎಂಬ ವಿಷಕಾರಿ ರಾಸಾಯನಿಕಕ್ಕೆ ಸಾಧಾರಣ ಮುಖವಾಡವೂ ಸಾಲದು, ಹೊರಗಿನಿಂದ ಗಾಳಿ ಒದಗಿಸುವ ವ್ಯವಸ್ಥೆಯೇ ಬೇಕು.

ಈಗ ಹೊಸದಾಗಿ ಹೊದಿಸುವವರು ಹೆಚ್ಚಾಗಿ ಬಳಸುವುದು ಪಾಲಿಯೆಸ್ಟರ್. ಸೆಕೊನೈಟ್, ಪಾಲಿ-ಫೈಬರ್ ಮುಂತಾದ ಹೆಸರುಗಳಲ್ಲಿ ಅದು ಬರುತ್ತದೆ. ಪಾಲಿ-ಫೈಬರ್ ಬಟ್ಟೆ ಮೂರು ತೂಕಗಳಲ್ಲಿ ಸಿಗುತ್ತದೆ: ಚದರ ಗಜಕ್ಕೆ 1.7, 2.7 ಮತ್ತು 3.4 ಔನ್ಸ್, ನಮ್ಮ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 58, 92 ಮತ್ತು 115 ಗ್ರಾಂ. ತೀರ ಹಗುರವಾದದ್ದು ಅಲ್ಟ್ರಾಲೈಟ್‌ಗಳಂಥವಕ್ಕೆ, ನಡುವಿನದು ಸಾಮಾನ್ಯ ಎರಡು ಆಸನದ ವಿಮಾನಗಳಿಗೆ, ಭಾರದ್ದು ಒರಟು ನೆಲದಲ್ಲಿ ಇಳಿಯುವವಕ್ಕೆ. ಪಾಲಿಯೆಸ್ಟರ್ ತಾನೆ, ಚಿಕ್ಕಪೇಟೆಯಲ್ಲಿ ರಾಶಿ ಬಿದ್ದಿದೆಯಲ್ಲ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಪೇಟೆಯ ಬಟ್ಟೆಯನ್ನು ಗಿರಣಿಯಲ್ಲಿಯೇ ಶಾಖ ಕೊಟ್ಟು ಕುಗ್ಗಿಸಿ, ಒಗೆದರೂ ಕುಗ್ಗದಂತೆ ಮಾಡಿರುತ್ತಾರೆ. ಅಂಗಿಗೆ ಅದು ಸದ್ಗುಣ. ನಮಗೆ ಬೇಕಾದದ್ದು ಇನ್ನೂ ಕುಗ್ಗಬಲ್ಲ, ಮಗ್ಗದಿಂದ ಇಳಿದ ಹಾಗೆಯೇ ಇರುವ ಹಸಿ ಬಟ್ಟೆ. ಅದರ ಅಂಚಿನ ಮೇಲೆ ಅನುಮತಿಯ ಮುದ್ರೆ ಇರುತ್ತದೆ. ಆ ಮುದ್ರೆಯ ಭಾಗವನ್ನು ಕತ್ತರಿಸಿ ಎಸೆಯದೆ, ತಪಾಸಣೆಯ ಕಿಂಡಿಯಿಂದ ಕಾಣುವ ಹಾಗೆ ಒಳಮುಖವಾಗಿ ಬಿಡುವುದು ನನ್ನ ರೂಢಿ.

ಹತ್ತಿ ಡೋಪ್‌ನಿಂದ ಬಿಗಿಯಾದರೆ ಪಾಲಿಯೆಸ್ಟರ್ ಶಾಖದಿಂದ ಬಿಗಿಯಾಗುತ್ತದೆ. ಹಬ್ಬದ ಮೆರವಣಿಗೆಗೆ ಮುಂಚೆ ತಮಟೆಯವರು ಹುಲ್ಲಿಗೆ ಬೆಂಕಿ ಹಾಕಿ ಚರ್ಮ ಕಾಯಿಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವೆಂದರೆ ತಮಟೆಯವರಿಗೆ ಕಿವಿಯೇ ಅಳತೆ. ಇಲ್ಲಿ ಉಷ್ಣಮಾಪಕ ಬೇಕು. ಮೊದಲು 250 ಡಿಗ್ರಿ ಫ್ಯಾರನ್‌ಹೀಟ್, ಆಮೇಲೆ 300, ಕೊನೆಗೆ 350 ಡಿಗ್ರಿ, ಅಂದರೆ ಸುಮಾರು 121ರಿಂದ 177 ಡಿಗ್ರಿ ಸೆಲ್ಸಿಯಸ್‌ವರೆಗೆ ಹಂತಹಂತವಾಗಿ ಇಸ್ತ್ರಿ ಆಡಿಸಬೇಕು. ಅದನ್ನು ಮೀರಿ ಹೋದರೆ ಬಿಗಿಯಾಗುವ ಬದಲು ಬಟ್ಟೆ ಸಡಿಲವಾಗತೊಡಗುತ್ತದೆ, ಮತ್ತೆ ಅದನ್ನು ಬಿಗಿಗೊಳಿಸಲು ದಾರಿಯಿಲ್ಲ. ಮನೆಯ ಇಸ್ತ್ರಿಪೆಟ್ಟಿಗೆಯ ಗುಂಡಿಯ ಮೇಲೆ ಬರೆದ ‘ಉಣ್ಣೆ’, ‘ಹತ್ತಿ’ ಎಂಬ ಗುರುತುಗಳನ್ನು ನಂಬಿ ನಾನು ಕೆಟ್ಟಿದ್ದೇನೆ. ಚುಕ್ಕಾಣಿಯ ಹಲಗೆಯೊಂದರ ಒಂದು ಮಗ್ಗುಲನ್ನು ಮೊದಲು ಪೂರ್ತಿ ಬಿಸಿ ಮಾಡಿ ಮುಗಿಸಿ, ಇನ್ನೊಂದು ಮಗ್ಗುಲು ನಾಳೆ ನೋಡೋಣವೆಂದು ಬಿಟ್ಟಿದ್ದೆ. ಬೆಳಿಗ್ಗೆ ಬಂದು ನೋಡಿದಾಗ ಅದರ ಹಿಂದಿನ ತೆಳು ಅಂಚು ಬಿಲ್ಲಿನಂತೆ ಬಾಗಿತ್ತು. ಬಟ್ಟೆ ಅಷ್ಟು ಬಲವಾಗಿ ಎಳೆಯುತ್ತದೆಂದು ಪುಸ್ತಕದಲ್ಲಿ ಓದಿದ್ದರೂ ಕಣ್ಣಾರೆ ಕಂಡದ್ದು ಅಂದೇ. ಆಮೇಲೆ ಒಂದು ಒಳ್ಳೆಯ ಉಷ್ಣಮಾಪಕ ಕೊಂಡು, ಇಸ್ತ್ರಿಯ ಗುಂಡಿಯ ಸುತ್ತ ನಾನೇ ಅಳೆದ ಗುರುತುಗಳನ್ನು ಕೊರೆದು, ಅದನ್ನು ಮನೆಯವರು ಮುಟ್ಟದಂತೆ ಬೇರೆಯಾಗಿ ಎತ್ತಿಟ್ಟೆ.

ದಾರದ ವಿಷಯಕ್ಕೆ ಬರುತ್ತೇನೆ. ಹಾರುವಾಗ ರೆಕ್ಕೆಯ ಮೇಲ್ಮೈಯಲ್ಲಿ ಒತ್ತಡ ಕಡಿಮೆಯಾಗುವುದರಿಂದ ಅಲ್ಲಿನ ಬಟ್ಟೆ ಸದಾ ಮೇಲಕ್ಕೆ ಎದ್ದುಹೋಗಲು ನೋಡುತ್ತಿರುತ್ತದೆ. ವಿಮಾನವನ್ನು ಎತ್ತುವ ಬಲದ ದೊಡ್ಡ ಪಾಲು ಮೊದಲು ಬೀಳುವುದು ಆ ಬಟ್ಟೆಯ ಮೇಲೆ. ಅಲ್ಲಿಂದ ಅದನ್ನು ರಿಬ್ಬುಗಳಿಗೆ, ಅಂದರೆ ರೆಕ್ಕೆಗೆ ಆಕಾರ ಕೊಡುವ ಒಳಗಿನ ಅಡ್ಡ ಪಟ್ಟಿಗಳಿಗೆ, ಮುಟ್ಟಿಸುವುದು ಹೊಲಿಗೆ. ಇದನ್ನು ತಿಳಿದ ಮೇಲೆ ಮೇಣ ಸವರಿದ ಆ ದಾರದ ಉಂಡೆಯನ್ನು ಯಾರೂ ಹಗುರವಾಗಿ ಕಾಣಲಾರರು. ಗೋಣಿ ಹೊಲಿಯುವ ದಬ್ಬಳಕ್ಕಿಂತ ಎಷ್ಟೋ ಉದ್ದದ ಸೂಜಿಯನ್ನು ರೆಕ್ಕೆಯ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ರಿಬ್ಬನ್ನು ಬಳಸಿ ತೂರಿಸಿ, ಪ್ರತಿ ಹೊಲಿಗೆಗೂ ಜಾರದ ಗಂಟು ಹಾಕುತ್ತ ಹೋಗಬೇಕು. ದಾರ ಬಟ್ಟೆಯನ್ನು ಕೊಯ್ಯದಿರಲೆಂದು ಅದರಡಿಯಲ್ಲಿ ಗಟ್ಟಿ ಪಟ್ಟಿಯೊಂದನ್ನು ಹಾಸುತ್ತಾರೆ, ಹೊಲಿಗೆಯ ಮೇಲೆ ಗರಗಸದ ಹಲ್ಲಿನಂತೆ ಅಂಚು ಕತ್ತರಿಸಿದ ಬಟ್ಟೆಯ ಪಟ್ಟಿಯನ್ನು ಅಂಟಿಸಿ ಮುಚ್ಚುತ್ತಾರೆ. ಅಂಚನ್ನು ಹಾಗೆ ಕತ್ತರಿಸುವುದು ಅಂದಕ್ಕಲ್ಲ. ಎಳೆ ಬಿಚ್ಚದಂತೆ ತಡೆಯುವುದಕ್ಕೆ, ಮತ್ತು ಅಂಟು ಹಿಡಿಯುವ ಅಂಚಿನ ಉದ್ದ ಹೆಚ್ಚಲಿ ಎಂಬುದಕ್ಕೆ. ಹೊಲಿಗೆಗಳ ನಡುವಿನ ಅಂತರವನ್ನು ವಿಮಾನದ ಗರಿಷ್ಠ ವೇಗ ನಿರ್ಧರಿಸುತ್ತದೆ, ಪ್ರೊಪೆಲ್ಲರಿನ ಗಾಳಿ ಬಡಿಯುವ ಒಳಭಾಗದಲ್ಲಿ ಅದು ಇನ್ನೂ ಹತ್ತಿರವಾಗಿರಬೇಕು. ಕೆಲವು ವಿಮಾನಗಳಲ್ಲಿ ದಾರದ ಬದಲು ಸ್ಕ್ರೂ, ರಿವೆಟ್, ತಂತಿಯ ಕ್ಲಿಪ್‌ಗಳಿವೆ. ತಯಾರಕರು ಏನನ್ನು ಬಳಸಿದ್ದಾರೋ ಅದನ್ನೇ ಬಳಸಿ.

ಬಿಸಿಲು ಬಟ್ಟೆಯ ದೊಡ್ಡ ಶತ್ರು. ಮೊದಲ ಮಹಾಯುದ್ಧದ ಹೊತ್ತಿಗೇ ಪಾರದರ್ಶಕ ಡೋಪ್ ಬಳಿದ ಲಿನನ್ ಬಿಸಿಲಿಗೆ ಬೇಗ ಸೊರಗುವುದನ್ನು ಗಮನಿಸಿ, ಬ್ರಿಟಿಷರು ಕಾವಿಮಣ್ಣಿನಂಥ ಕಬ್ಬಿಣದ ಆಕ್ಸೈಡ್ ಮತ್ತು ದೀಪದ ಕಾಡಿಗೆ ಬೆರೆಸಿದ ಪಿಸಿ-10 ಎಂಬ ಕಂದು ಹಸಿರಿನ ಲೇಪವನ್ನು ಬಳಸಿದರು. ಶತ್ರುವಿನ ಕಣ್ಣು ತಪ್ಪಿಸುವುದರ ಜೊತೆಗೆ ಬಿಸಿಲನ್ನು ತಡೆಯುವುದೂ ಅದರ ಕೆಲಸವಾಗಿತ್ತು. ಈಗ ಆ ಕೆಲಸವನ್ನು ಅಲ್ಯುಮಿನಿಯಂ ಪುಡಿಯ ಬೆಳ್ಳಿ ಲೇಪ ಮಾಡುತ್ತದೆ. ಪಾಲಿಯೆಸ್ಟರ್‌ಗೆ ಶಿಲೀಂಧ್ರ ಹಿಡಿಯುವುದಿಲ್ಲ, ಅದು ಕೊಳೆಯುವುದಿಲ್ಲ. ಆದರೆ ಅತಿನೇರಳೆ ಕಿರಣದ ಮುಂದೆ ಅದಕ್ಕೂ ರಕ್ಷಣೆಯಿಲ್ಲ. ಪಾಲಿ-ಫೈಬರ್ ಪದ್ಧತಿಯಲ್ಲಿ ಮೊದಲು ಗುಲಾಬಿ ಬಣ್ಣದ ಪಾಲಿ-ಬ್ರಷ್, ಆಮೇಲೆ ಬೆಳ್ಳಿಯ ಪಾಲಿ-ಸ್ಪ್ರೇ, ಕೊನೆಗೆ ಬಣ್ಣ. ಪಾಲಿಯೆಸ್ಟರ್ ಎಳೆ ಹತ್ತಿಯಂತೆ ದ್ರವವನ್ನು ಹೀರುವುದಿಲ್ಲವಾದ್ದರಿಂದ ಮೊದಲ ಲೇಪ ಸಂದುಗಳಲ್ಲಿ ಇಳಿದು ಎಳೆಗಳನ್ನು ಸುತ್ತುವರಿದು ಹಿಡಿದುಕೊಳ್ಳಬೇಕು. ಅದು ಇಳಿಯದೆ ಮೇಲೆಯೇ ಕುಳಿತರೆ ಮುಂದಿನ ಎಲ್ಲ ಲೇಪಗಳೂ ಅದರೊಂದಿಗೆ ಹಾಳೆಯಾಗಿ ಎದ್ದು ಬರುತ್ತವೆ. ಬೆಳ್ಳಿ ಸಾಕಾಯಿತೇ ಎಂದು ತಿಳಿಯಲು ಕತ್ತಲಾದ ಮೇಲೆ ರೆಕ್ಕೆಯೊಳಗೆ ಒಂದು ಬಲ್ಬು ಇಟ್ಟು ಹೊರಗಿನಿಂದ ನೋಡಬೇಕು. ಬೆಳಕು ಕಂಡರೆ ಸಾಲದು. ಬೆಳ್ಳಿಯಲ್ಲಿ ಉಳಿತಾಯ ಮಾಡಿ ಮೇಲಿನ ಬಣ್ಣಕ್ಕೆ ದುಂದು ಮಾಡಿದ ವಿಮಾನವೊಂದರ ಬಟ್ಟೆಯನ್ನು ಕೆಲವೇ ವರ್ಷಗಳಲ್ಲಿ ನಾನು ಕಿತ್ತಿದ್ದೇನೆ. ಹೊರಗೆ ಕನ್ನಡಿಯಂತೆ ಹೊಳೆಯುತ್ತಿದ್ದ ಆ ಬಟ್ಟೆ ಕೈಯಲ್ಲಿ ಹಳೆಯ ಕಾಗದದಂತೆ ಹರಿಯಿತು.

ಮಳೆಗಾಲ ಬೇರೊಂದು ತೊಂದರೆ. ಡೋಪ್‌ನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ತೇವದ ಗಾಳಿಯಲ್ಲಿನ ನೀರು ಅದರ ಮೇಲೆ ಕೂರುತ್ತದೆ, ಲೇಪ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ನಿಧಾನವಾಗಿ ಒಣಗಿಸುವ ರಿಟಾರ್ಡರ್ ಬೆರೆಸಿ ಇದನ್ನು ತಕ್ಕಮಟ್ಟಿಗೆ ತಡೆಯಬಹುದು, ಆದರೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆ ಡೋಪ್ ಡಬ್ಬಿ ತೆರೆಯದಿರುವುದೇ ಜಾಣತನ. ಹತ್ತಿಯಾದರೆ ಮೊದಲ ಲೇಪದಲ್ಲಿಯೇ ಶಿಲೀಂಧ್ರನಾಶಕವನ್ನು ಬೆರೆಸಲೇಬೇಕು.

ಸಾಮಾನು ತರಿಸುವಾಗ ಬಟ್ಟೆಯೇ ಎಲ್ಲಕ್ಕಿಂತ ಸುಲಭ. ಸುರುಳಿ ಸುತ್ತಿ ಕಳುಹಿಸಿದರೆ ಬರುತ್ತದೆ. ಡಬ್ಬಿಗಳು ಹಾಗಲ್ಲ. ಹೊತ್ತಿಕೊಳ್ಳುವ ದ್ರವಗಳಾದ್ದರಿಂದ ಅವು ಸಾಮಾನ್ಯ ಅಂಚೆಯಲ್ಲಿ ಬರುವಂತಿಲ್ಲ. ಅಪಾಯಕಾರಿ ಸರಕೆಂದು ಕಾಗದಪತ್ರ ಮಾಡಿಸಿ ತರಿಸುವ ಖರ್ಚು ಕೆಲವೊಮ್ಮೆ ಲೇಪದ ಬೆಲೆಯನ್ನೇ ಮೀರುತ್ತದೆ. ಆಗ ಅಂಟು ಒಂದು ಕಂಪನಿಯದು, ಬೆಳ್ಳಿ ಇನ್ನೊಂದರದು, ಬಣ್ಣ ಇಲ್ಲೇ ಸಿಕ್ಕ ಕಾರಿನದು ಎಂದು ಹೊಂದಿಸಿಕೊಳ್ಳುವ ಆಸೆ ಹುಟ್ಟುತ್ತದೆ. ಪ್ರಮಾಣಪತ್ರವಿರುವ ವಿಮಾನದಲ್ಲಿ ಅದಕ್ಕೆ ಅನುಮತಿಯಿಲ್ಲ, ಏಕೆಂದರೆ ಮಂಜೂರಾದದ್ದು ಬಟ್ಟೆಯಿಂದ ಕೊನೆಯ ಬಣ್ಣದವರೆಗಿನ ಇಡೀ ಪದ್ಧತಿ, ಅದರ ಕೈಪಿಡಿಯೂ ಸೇರಿ. ಅನುಮತಿ ಬೇಕಿಲ್ಲದ ಸ್ವಂತ ತಯಾರಿಯ ವಿಮಾನದಲ್ಲಿಯೂ ನಾನು ಹಾಗೆ ಮಾಡುವುದಿಲ್ಲ. ಈಗ ನನ್ನ ಶೆಡ್ಡಿನಲ್ಲಿ 2.7 ಔನ್ಸಿನ ಬಟ್ಟೆಯ ಸುರುಳಿಯೊಂದು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಎರಡು ತಿಂಗಳಿಂದ ಕುಳಿತಿದೆ, ಡಬ್ಬಿಗಳು ಇನ್ನೂ ಬಂದಿಲ್ಲ. ಅಷ್ಟರಲ್ಲಿ ಗಂಟಿನ ಕೈ ಮರೆಯದಿರಲೆಂದು ಸಂಜೆಯ ಹೊತ್ತು ಒಂದು ಗೋಣಿಚೀಲವನ್ನು ಹಲಗೆಯ ಮೇಲೆ ಬಿಗಿದು ಹೊಲಿಯುತ್ತ ಕೂರುತ್ತೇನೆ.